ಹೆಪ್ಪಿನ ಡ್ರಮ್ಮು

ಕೆ. ಹೊಸಕೋಟೆ
9 ಜೂನ್ 2024

ಧನುಶ್ರೀಗೆ,

ಎಂಟು ವರ್ಷದ ಮೇಲೆ ಸೋದರಮಾವ ಕಾಗದ ಬರೆದಿದ್ದಾನೆ ಅಂದರೆ ಏನೋ ಬೇಕಾಗಿದೆ ಅಂತ ನೀನು ಅಂದುಕೊಳ್ಳುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಆಡಿದ್ದನ್ನು ನಾಳೆ 'ನಾನು ಹಾಗೆ ಅಂದೇ ಇಲ್ಲ' ಅನ್ನಬಹುದು. ಕಾಗದದಲ್ಲಿ ಅದು ನಡೆಯಲ್ಲ. ಅಂಗಡಿಯ ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಒಂದು ಪ್ರತಿ ನಿನಗೆ, ಒಂದು ನನ್ನ ಹತ್ತಿರ. ನೀನೂ ಬರವಣಿಗೆಯಲ್ಲೇ ಉತ್ತರ ಕೊಡು, ತಾರೀಖು ಹಾಕಿ.

ವಿಷಯ ನಿಮ್ಮತ್ತೆಯ ಕಾಲು. ಏಪ್ರಿಲ್ ಹದಿನೈದರಂದು ಶುಂಠಿ ಮಡಿ ಏರಿಸುವಾಗ ಗುದ್ದಲಿ ಜಾರಿ ಎಡಗಾಲಿನ ಹೆಬ್ಬೆರಳ ಪಕ್ಕ ಬಿತ್ತು. ಎರಡಿಂಚು ಗಾಯ, ಮೂರು ಹೊಲಿಗೆ. ನಾಗರತ್ನ ಒಂದು ಬಟ್ಟೆ ಸುತ್ತಿಕೊಂಡು ಅವತ್ತು ಸಂಜೆಯೇ ಬಿತ್ತನೆ ಶುಂಠಿ ಅದ್ದುವುದಕ್ಕೆ ನಿಂತಳು. ಅವಳ ಸ್ವಭಾವ ನಿನಗೆ ಗೊತ್ತು. ಆಲೂರಿನ ಡಾಕ್ಟರ ಬಿಳಿ ಮಾತ್ರೆ ಆಯಿತು, ಸಕಲೇಶಪುರದ ಡಾಕ್ಟರ ಹಳದಿ ಮಾತ್ರೆ ಆಯಿತು. ಗಾಯ ಎರಡಿಂಚು ಇದ್ದದ್ದು ನಾಲ್ಕಾಯಿತು. ಕೊನೆಗೆ ನೀನಿರುವ ಆಸ್ಪತ್ರೆಯಲ್ಲಿ ಕೀವು ತೆಗೆದು ಪರೀಕ್ಷೆಗೆ ಹಾಕಿದರು.

ರಿಪೋರ್ಟು ನನ್ನ ಮುಂದಿದೆ. ಹನ್ನೆರಡು ಔಷಧಿಯ ಹೆಸರು. ಹನ್ನೊಂದರ ಮುಂದೆ R, ಒಂದರ ಮುಂದೆ ಮಾತ್ರ S. ನಾನು ಮೂವತ್ತು ವರ್ಷ ಗೊಬ್ಬರ, ಬೆಳೆ ಔಷಧಿ ಮಾರಿದವನು. ಹನ್ನೆರಡರಲ್ಲಿ ಹನ್ನೊಂದು ನಾಟುವುದಿಲ್ಲ ಅನ್ನೋ ಮಾತನ್ನು ಯಾವ ಬೆಳೆಯ ವಿಷಯದಲ್ಲೂ ಕೇಳಿಲ್ಲ. ಉಳಿದ ಆ ಒಂದೂ ಎಂಥದ್ದು? ಆಸ್ಪತ್ರೆಯಲ್ಲೇ ಮಲಗಿ ಚುಚ್ಚಿಸಿಕೊಳ್ಳಬೇಕಾದದ್ದು, ಕಿಡ್ನಿಗೆ ತೊಂದರೆಯಾದರೆ ನಾವು ಜವಾಬ್ದಾರರಲ್ಲ ಅಂತ ಮೊದಲೇ ಸಹಿ ಹಾಕಿಸಿಕೊಳ್ಳುವಂಥದ್ದು.

ರಿಪೋರ್ಟಿನ ಕೆಳಗಿರುವ ಸಹಿ ನಿನ್ನದು. ನಿಮ್ಮಮ್ಮ ರಾಜಲಕ್ಷ್ಮಕ್ಕನಿಗೂ ನನಗೂ ತೋಟದ ಪಾಲಿನಲ್ಲಿ ಆದದ್ದು ಆಗಿದೆ. ಅದರ ಕಹಿ ಈ ಹನ್ನೊಂದರಲ್ಲಿ ಎಷ್ಟನ್ನು ಬರೆಸಿತು?

ಉತ್ತರ ಬರುವ ತನಕ ಇಂಜೆಕ್ಷನ್ನಿಗೆ ಸಹಿ ಹಾಕದ
ನಂಜುಂಡ


ಹಾಸನ
14 ಜೂನ್ 2024

ಮಾವ,

ಕಾಗದ ಓದಿದಾಗ ಮೊದಲು ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆಯಬಾರದು ಅಂತ ಎರಡು ದಿನ ಬಿಟ್ಟೆ.

ನಮ್ಮ ಲ್ಯಾಬಿಗೆ ಬರುವ ಕೀವಿನ ಮೇಲೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಅದು ಅತ್ತೆಯದು ಅಂತ ನನಗೆ ಗೊತ್ತಾದದ್ದೇ ನಿಮ್ಮ ಕಾಗದದಿಂದ. R ಅಂದರೆ, ಆ ಔಷಧಿ ಇಟ್ಟ ತಟ್ಟೆಯಲ್ಲೂ ಆ ಬ್ಯಾಕ್ಟೀರಿಯಾ ಏನೂ ಆಗದ ಹಾಗೆ ಬೆಳೆಯಿತು ಅಂತ ಅರ್ಥ. ಹನ್ನೊಂದು R ನೋಡಿ ನಾನೂ ನಂಬಲಿಲ್ಲ, ಇನ್ನೊಮ್ಮೆ ಮಾಡಿದೆ. ಎರಡನೇ ಸಲವೂ ಹನ್ನೊಂದೇ. ಆ ಬ್ಯಾಕ್ಟೀರಿಯಾಕ್ಕೆ ನಮ್ಮ ತೋಟದ ಪಾಲಿನ ಸಂಗತಿ ಯಾರೂ ಹೇಳಿರಲಿಲ್ಲ ಮಾವ.

ದಯವಿಟ್ಟು ಸಹಿ ಹಾಕಿ. ಅತ್ತೆಗೆ ಸಕ್ಕರೆ ಕಾಯಿಲೆಯೂ ಇದೆ. ಕೀವು ಮೂಳೆಗೆ ಇಳಿದರೆ ಡಾಕ್ಟರು ಗಾಯದ ಮಾತು ಬಿಟ್ಟು ಕಾಲಿನ ಮಾತು ಆಡುತ್ತಾರೆ.

ನನ್ನ ನಿದ್ದೆ ಕೆಡಿಸಿರುವುದು ಬೇರೆ ವಿಷಯ. ಇಂಥ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಐಸಿಯುನಲ್ಲಿ ಮಲಗಿದವರಲ್ಲಿ ಸಿಗುತ್ತದೆ. ಆಸ್ಪತ್ರೆಯ ಮಂಚ ಹತ್ತದ ಅತ್ತೆಯ ಕಾಲಿಗೆ, ಹೊಲದಲ್ಲಿ ಬಿದ್ದ ಗುದ್ದಲಿ ಏಟಿಗೆ, ಅದು ಎಲ್ಲಿಂದ ಬಂತು? ಬಿತ್ತನೆ ಶುಂಠಿ ಅದ್ದುವ ನಿಮ್ಮ ಹೆಪ್ಪಿನ ಡ್ರಮ್ಮು ನೆನಪಾಯಿತು. ಹದಿನಾರನೇ ವಯಸ್ಸಿನಲ್ಲಿ ರಜೆಗೆ ಬಂದಾಗ ನಾನೇ ಕೋಲು ಹಿಡಿದು ತಿರುವಿದ್ದೇನಲ್ಲ, ಆ ನೀಲಿ ಡ್ರಮ್ಮು. ಅದರಲ್ಲಿ ಏನೇನು ಹಾಕುತ್ತೀರಿ ಬರೆಯಿರಿ. ಕುದಿಸಿದ ಬಾಟಲಿಯಲ್ಲಿ ಸ್ವಲ್ಪ ಕಳಿಸಿ.

ಅಮ್ಮ ಅತ್ತೆಯ ಬಗ್ಗೆ ಕೇಳಿದಳು. ಕೇಳಿದಳು ಅಂತ ಬರೆಯಬೇಡ ಅಂದಳು.

ನಿಮ್ಮ ಅಕ್ಕನ ಮಗಳು
ಧನುಶ್ರೀ


ಕೆ. ಹೊಸಕೋಟೆ
27 ಜೂನ್ 2024

ಧನು,

ನಂಬರು ಇರುತ್ತೆ, ಹೆಸರು ಇರಲ್ಲ ಅಂದೆ. ಇರಬಹುದು. ನಾನು ಹಾಸನದಲ್ಲೇ ಬೇರೆ ಲ್ಯಾಬಿಗೆ ಹೋಗಿ, ನಾಗರತ್ನನ ಹೆಸರು ಬದಲಿಸಿ ಇನ್ನೊಂದು ಸಲ ಕೀವು ಕೊಟ್ಟು ಬಂದೆ. ಅಲ್ಲೂ ಹನ್ನೊಂದೇ ಬಂತು. ಅಲ್ಲಿಗೆ ನಿನ್ನ ಮೇಲಿನ ಒಂದು ಅನುಮಾನ ತೆಗೆದಿದ್ದೇನೆ. ಒಂದು.

ಈಗ ಡ್ರಮ್ಮು. ಹೆತ್ತೂರಿನಿಂದ ಹೊಂಗಡಹಳ್ಳದ ತನಕ ಶುಂಠಿ ಹಾಕುವವರೆಲ್ಲ ಹೊಗಳುವ ಡ್ರಮ್ಮಿನ ಮೇಲೇ ನಿನ್ನ ಕಣ್ಣು ಯಾಕೆ ಬಿತ್ತು? ಆಲೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಹೊಸದಾಗಿ ಬೆಳೆ ಔಷಧಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ನಿಮ್ಮ ಆಸ್ಪತ್ರೆಯಲ್ಲಿ ನರ್ಸು. ನಾನು ಏನೂ ಹೇಳುತ್ತಿಲ್ಲ, ಗೊತ್ತಿರಲಿ ಅಂತ ಬರೆದೆ.

ಆದರೂ ಬರೆಯುತ್ತೇನೆ. ಸಗಣಿ, ಗಂಜಲ, ಬೆಲ್ಲ, ಹುರುಳಿ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ಇಷ್ಟು ಎಲ್ಲರೂ ಮಾಡುವುದೇ. ನನ್ನ ಕೈಚಳಕ ಏನು ಅಂದರೆ, ಅದಕ್ಕೆ ಕೊಳೆರೋಗದ ಪುಡಿಯನ್ನೂ ಸೇರಿಸುತ್ತೇನೆ, ನೀವು ಆ್ಯಂಟಿಬಯೋಟಿಕ್ ಅನ್ನುತ್ತೀರಲ್ಲ ಅದು. ಸಗಣಿಯ ಶಕ್ತಿಯೂ ಬಂತು, ಔಷಧಿಯ ಶಕ್ತಿಯೂ ಬಂತು. ಇನ್ನೊಂದು, ಡ್ರಮ್ಮನ್ನು ಯಾವತ್ತೂ ಪೂರ್ತಿ ಖಾಲಿ ಮಾಡಲ್ಲ. ತಳದಲ್ಲಿ ಒಂದು ಕೊಡದಷ್ಟು ಗಸಿ ಉಳಿಸಿ, ಮುಂದಿನ ಡ್ರಮ್ಮಿಗೆ ಅದೇ ಹೆಪ್ಪು. ಮನೆಯಲ್ಲಿ ಮೊಸರಿಗೆ ಹಾಕುವ ಹಾಗೆ. ಹನ್ನೊಂದು ವರ್ಷದ ಹೆಪ್ಪು ಕಣಮ್ಮ ಅದು. ತಮ್ಮ ಡ್ರಮ್ಮಿಗೆ ಹೆಪ್ಪು ಕೇಳಿ ಬಂದವರಿಗೆ ಒಂದೊಂದು ಕ್ಯಾನು ಕೊಡುತ್ತೇನೆ. ಯಾರಿಗೆ, ಯಾವತ್ತು ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ನಲವತ್ತಮೂರು ಮನೆ.

ಬಸ್ಸಿನಲ್ಲಿ ಮೂರು ಬಾಟಲಿ ಕಳಿಸಿದ್ದೇನೆ. ಮೇಲೆ 1, 2, 3 ಅಂತ ಬರೆದಿದೆ. ಯಾವುದು ಎಲ್ಲಿಯದು ಅಂತ ಹೇಳಲ್ಲ.

ನಿಮ್ಮತ್ತೆಯನ್ನು ಸೋಮವಾರ ಸೇರಿಸುತ್ತೇನೆ. ಸಹಿ ಹಾಕುತ್ತೇನೆ. ಇದು ನಿನ್ನ ಮಾತಿಗಲ್ಲ, ಅವಳು ರಾತ್ರಿ ಹಲ್ಲು ಕಚ್ಚಿ ಮಲಗುವುದನ್ನು ನೋಡಲಾರದೆ.

ನಂಜುಂಡ


ಹಾಸನ
9 ಜುಲೈ 2024

ಮಾವ,

ಒಂದನೇ ಮತ್ತು ಮೂರನೇ ಬಾಟಲಿಯದು ಒಂದೇ ಪಾತ್ರೆಯಿಂದ ತೆಗೆದದ್ದು. ಎರಡನೆಯದು ಹಳ್ಳದ ನೀರೋ ಗುಡ್ಡದಲ್ಲಿ ಒಸರುವ ಊಟೆಯ ನೀರೋ ಇರಬೇಕು. ಅದರಲ್ಲಿರುವುದೆಲ್ಲ ಯಾವ ಔಷಧಿ ಹಾಕಿದರೂ ಸಾಯುವ ಪಾಪದ ಬ್ಯಾಕ್ಟೀರಿಯಾ. ಒಂದೇ ಡ್ರಮ್ಮಿನದನ್ನು ಎರಡು ಬಾಟಲಿಗೆ ಹಾಕಿ ಕಳಿಸಿದ್ದು ನಾನು ಬೇರೆ ಬೇರೆ ಬರೆದು ಸಿಕ್ಕಿಬೀಳುತ್ತೇನೋ ನೋಡೋಣ ಅಂತ ತಾನೇ? ನಮ್ಮ ಲ್ಯಾಬಿನಲ್ಲೂ ಹೊಸಬರನ್ನು ಹೀಗೇ ಪರೀಕ್ಷೆ ಮಾಡುತ್ತಾರೆ. ನೀವು ಎಲ್ಲಿ ಕಲಿತಿರೋ.

ಡ್ರಮ್ಮಿನಲ್ಲಿ ಹೆಚ್ಚಾಗಿರುವುದು ಸಿಟ್ರೊಬ್ಯಾಕ್ಟರ್ ಅನ್ನುವ ಜಾತಿ. ಅದಕ್ಕೆ ಹನ್ನೆರಡರಲ್ಲಿ ಹನ್ನೊಂದು ಔಷಧಿ ನಾಟುವುದಿಲ್ಲ. ಅತ್ತೆಯ ರಿಪೋರ್ಟನ್ನು ಪಕ್ಕದಲ್ಲಿಟ್ಟು ನೋಡಿದೆ, ಅವೇ ಹನ್ನೊಂದು. ಡ್ರಮ್ಮಿನ ರಿಪೋರ್ಟಿನ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ಕೊಳೆರೋಗದ ಪುಡಿಯಲ್ಲಿ ಎರಡೇ ಔಷಧಿ ಇರುತ್ತದೆ. ಉಳಿದ ಒಂಬತ್ತು ಮನುಷ್ಯರಿಗೆ, ದನಗಳಿಗೆ ಕೊಡುವಂಥವು. ಶುಂಠಿಯ ಡ್ರಮ್ಮಿನಲ್ಲಿರುವ ಬ್ಯಾಕ್ಟೀರಿಯಾ ಅವನ್ನು ಎಲ್ಲಿ ಕಂಡಿತು? ನೀವು ಪಟ್ಟಿ ಪೂರ್ತಿ ಬರೆದಿಲ್ಲ.

ಧನುಶ್ರೀ


ಕೆ. ಹೊಸಕೋಟೆ
24 ಜುಲೈ 2024

ಧನು,

ಮೊದಲು ಒಳ್ಳೆಯದು. ಹದಿನಾಲ್ಕು ದಿನ ಇಂಜೆಕ್ಷನ್ ಆಯಿತು. ಕಿಡ್ನಿಗೆ ಏನೂ ಆಗಿಲ್ಲ. ಗಾಯ ಅಂಚಿನಿಂದ ಒಣಗುತ್ತಾ ಬಂದಿದೆ, ಮನೆಗೆ ಕರೆತಂದಿದ್ದೇನೆ. ಡಾಕ್ಟರು ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿ, ಬೇರೆ ಏನೂ ಹಚ್ಚಬೇಡಿ ಅಂದಿದ್ದಾರೆ. ಏನೂ ಹಚ್ಚುತ್ತಿಲ್ಲ.

ಬಾಟಲಿಯ ವಿಷಯದಲ್ಲಿ ನೀನು ಗೆದ್ದೆ. ಎರಡನೆಯದು ಗುಡ್ಡದ ಊಟೆಯ ನೀರೇ.

ಪಟ್ಟಿ ಪೂರ್ತಿ ಬರೆದಿಲ್ಲ ಅಂದೆ. ಸರಿ, ಬರೆಯುತ್ತೇನೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಐದು ದಿನದ ಮಾತ್ರೆ ಕೊಡುತ್ತಾರೆ; ಮೂರು ದಿನಕ್ಕೆ ಜ್ವರ ಬಿಡುತ್ತೆ, ನಾಲ್ಕು ಮಾತ್ರೆ ಮಿಗುತ್ತೆ. ಹಸುವಿಗೆ ಕೆಚ್ಚಲು ಬಾವು ಬಂದರೆ ತಂದ ಟ್ಯೂಬು ಅರ್ಧ ಮಿಗುತ್ತೆ. ಆಲೂರಿನ ಮೆಡಿಕಲ್ ಸ್ಟೋರಿನ ಬಸವಯ್ಯ ತಾರೀಖು ಮುಗಿದದ್ದನ್ನು ಚೀಲದಲ್ಲಿ ತುಂಬಿ ಹಿಂದೆ ಇಡುತ್ತಿದ್ದ. ಔಷಧಿ ಅಂದ ಮೇಲೆ ಔಷಧಿ ತಾನೇ, ಚೆಲ್ಲುವುದು ಯಾಕೆ? ಎಲ್ಲ ಕುಟ್ಟಿ ಡ್ರಮ್ಮಿಗೆ ಹಾಕಿದೆ. ನನ್ನ ಗುಟ್ಟು ಅದೇ. ನಾಗರತ್ನ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಆದರೆ ನೀನು ಒಂದು ಕಡೆ ಎಡವಿದ್ದೀಯ. ನಿನ್ನ ಎರಡು ರಿಪೋರ್ಟೂ ಪಕ್ಕ ಪಕ್ಕ ಇಟ್ಟು ನಾನೂ ನೋಡಿದೆ. ಕಾಲಿನದರ ಹೆಸರು ಕ್ಲೆಬ್ಸಿಯೆಲ್ಲಾ. ಡ್ರಮ್ಮಿನದು ಸಿಟ್ರೊಬ್ಯಾಕ್ಟರ್. ಎರಡೂ ಬೇರೆ ಜಾತಿ ಅಂತ ನಿನ್ನ ರಿಪೋರ್ಟೇ ಹೇಳುತ್ತೆ. ಎಮ್ಮೆಯ ಹೊಟ್ಟೆಯಲ್ಲಿ ಹಸುವಿನ ಕರು ಹುಟ್ಟುತ್ತೇನಮ್ಮ? ನನ್ನ ಡ್ರಮ್ಮಿನದು ಅವಳ ಕಾಲಿಗೆ ಹೋಗಿದ್ದರೆ ಅದೇ ಹೆಸರಿನದು ಸಿಗಬೇಕಿತ್ತು. ಯಾವ ಕೋರ್ಟಿಗೆ ಹೋದರೂ ನಿನ್ನ ಕೇಸು ನಿಲ್ಲಲ್ಲ.

ಡ್ರಮ್ಮು ಇದ್ದಲ್ಲೇ ಇದೆ.

ನಂಜುಂಡ


ಹೊಸ್ಕೋಟೆ
11-8-24

ಮಗ ಧನು,

ನಾನು ನಿಮ್ಮತ್ತೆ. ನಾನು ಕಾಗದ ಬರ್ದು ಎಷ್ಟೋ ವರ್ಷ ಆಯ್ತು, ತಪ್ಪಿದ್ರೆ ತಿದ್ಕೊಂಡು ಓದು. ಇವ್ರು ಅಂಗಡೀಗೆ ಹೋಗವ್ರೆ, ಬರೋದ್ರೊಳಗೆ ಪಕ್ಕದ ಮನೆಯೋರ ಕೈಲಿ ಪೋಸ್ಟಿಗೆ ಹಾಕಿಸ್ತೀನಿ.

ಕಾಲು ಮತ್ತೆ ಸೋರ್ತಾ ಐತೆ. ವಾಸನೆ ಬತ್ತಾ ಐತೆ. ಬೆರಳು ಕಪ್ಪಗಾಗೈತೆ.

ಏನೂ ಹಚ್ಚುತ್ತಿಲ್ಲ ಅಂತ ಇವ್ರು ನಿಂಗೆ ಬರ್ದವ್ರಂತೆ. ಹಚ್ತಾವ್ರೆ ಕಣವ್ವ. ಏಪ್ರಿಲ್ಲಿಂದ್ಲೂ ಹಚ್ತಾವ್ರೆ. ದಿನಾ ಸಂಜೆ ಡ್ರಮ್ಮಿನ ತಳದ ಗಸಿ ಹತ್ತೀಲಿ ಅದ್ದಿ ಗಾಯದ ಮ್ಯಾಲೆ ಇಟ್ಟು ಕಟ್ತಾರೆ. ಆಸ್ಪತ್ರೇಲಿದ್ದ ಹದ್ನಾಲ್ಕು ದಿನ ಮಾತ್ರ ಬುಟ್ಟಿದ್ರು. 'ಶುಂಠಿ ಕೊಳೆಯೋದು ನಿಲ್ಸುತ್ತೆ, ನಿನ್ನ ಕಾಲು ಯಾವ ಲೆಕ್ಕ' ಅಂತಾರೆ. ನಾನು ಬ್ಯಾಡ ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಕೂತ್ಕಂತಾರೆ. ಊರೋರೆಲ್ಲ ನಂಬಿರೋದನ್ನ ಕಟ್ಕೊಂಡೋಳು ನಂಬಲ್ವಲ್ಲ ಅಂತ. ಅದ್ಕೇ ಸುಮ್ನಾಗ್ಬುಟ್ಟೆ. ಕೆಟ್ಟದ್ದು ಮಾಡೋಕೆ ಮಾಡ್ತಿಲ್ಲ ಅವ್ರು. ಗಾಯ ತೊಳೆಯೋವಾಗ ನೋಯ್ತಾ ನೋಯ್ತಾ ಅಂತ ಕೇಳ್ತಾನೇ ಇರ್ತಾರೆ.

ನಾನು ಹೇಳ್ದೆ ಅಂತ ಹೇಳ್ಬ್ಯಾಡ. ನಿಮ್ಮಮ್ಮನ್ನ ಕೇಳ್ದೆ ಅನ್ನು.

ನಾಗರತ್ನಮ್ಮ


ಹಾಸನ
16 ಆಗಸ್ಟ್ 2024

ಮಾವ,

ಈ ಕಾಗದ ಸಿಕ್ಕ ದಿನವೇ ಅತ್ತೆಯನ್ನು ಕರೆತನ್ನಿ. ನಾಳೆ, ನಾಡಿದ್ದು ಅನ್ನಬೇಡಿ.

ಅತ್ತೆಯನ್ನು ಮನೆಗೆ ಕಳಿಸಿದ ಮೇಲೆ ಎರಡು ವಾರಕ್ಕೆ ಡ್ರೆಸ್ಸಿಂಗಿಗೆ ಬಂದಿರಲ್ಲ, ಆಗ ಮತ್ತೆ ಕೀವು ತೆಗೆದರು. ಅದರಲ್ಲಿ ಈಗ ಎರಡು ಜಾತಿ ಇವೆ. ಹಳೆಯ ಕ್ಲೆಬ್ಸಿಯೆಲ್ಲಾ ಒಂದು. ಇನ್ನೊಂದು ಸಿಟ್ರೊಬ್ಯಾಕ್ಟರ್. ಡ್ರಮ್ಮಿನ ಹೆಸರೇ ಕಾಲಿನಲ್ಲಿ ಸಿಗಬೇಕು ಅಂತ ಕೇಳಿದ್ದಿರಿ, ಸಿಕ್ಕಿದೆ. ಬಟ್ಟೆ ಸುತ್ತಿ ಮನೆಯೊಳಗೆ ಮಲಗಿಸಿದ ಕಾಲಿಗೆ ಡ್ರಮ್ಮಿನದು ನಡೆದು ಬರಲಾರದು. ಯಾರೋ ಕೈಯಾರೆ ತಂದು ಇಟ್ಟಿದ್ದಾರೆ. ನಾನು ಯಾರನ್ನೂ ಕೇಳಿಲ್ಲ, ಕೀವು ಹೇಳಿದ್ದನ್ನು ಬರೆದಿದ್ದೇನೆ.

ಎಮ್ಮೆ ಹಸುವಿನ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ನೀವು ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಮೇಡಂ ಅನುಮತಿ ಪಡೆದು ಒಂದು ಕೆಲಸ ಮಾಡಿದೆ. ಎಲ್ಲ ಔಷಧಿಗೂ ಸಾಯುವ, ಪಾಪದ ಬ್ಯಾಕ್ಟೀರಿಯಾ ಒಂದನ್ನು ತೆಗೆದುಕೊಂಡು, ನಿಮ್ಮ ಡ್ರಮ್ಮಿನದರ ಜೊತೆ ಒಂದೇ ಗಾಜಿನ ಕೊಳವೆಯಲ್ಲಿ ಬಿಟ್ಟೆ. ಒಂದು ರಾತ್ರಿ, ಅಷ್ಟೇ. ಬೆಳಿಗ್ಗೆ ಎರಡನ್ನೂ ಬೇರೆ ಮಾಡಿ, ಪಾಪದ್ದಕ್ಕೆ ಔಷಧಿ ಹಾಕಿದೆ. ಅದರಲ್ಲಿ ಕೆಲವು ಸಾಯಲಿಲ್ಲ. ಹನ್ನೊಂದಕ್ಕೂ ಸಾಯಲಿಲ್ಲ.

ಔಷಧಿಯನ್ನು ತಡೆಯುವ ಜಾಣತನ ಈ ಬ್ಯಾಕ್ಟೀರಿಯಾಗಳಿಗೆ ಹೆತ್ತವರಿಂದ ಮಾತ್ರ ಬರಬೇಕಾಗಿಲ್ಲ ಮಾವ. ಅವುಗಳ ಮೈಯೊಳಗೆ ಒಂದು ಸಣ್ಣ ಬಳೆಯಂಥ ಎಳೆ ಇರುತ್ತದೆ. ಯಾವ ಔಷಧಿಯನ್ನು ಹೇಗೆ ಮುರಿಯಬೇಕು ಅನ್ನುವುದು ಅದರಲ್ಲಿ ಬರೆದಿರುತ್ತದೆ. ಒಂದು ಬ್ಯಾಕ್ಟೀರಿಯಾ ಪಕ್ಕದಲ್ಲಿರುವುದಕ್ಕೆ ತನ್ನ ಮೈಯಿಂದಲೇ ಒಂದು ಕೊಳವೆ ಚಾಚಿ ಆ ಬಳೆಯ ಪ್ರತಿಯನ್ನು ದಾಟಿಸುತ್ತದೆ. ಪಡೆದದ್ದು ಬೇರೆ ಜಾತಿಯದಾದರೂ ಸರಿ. ನೀವು ಕಾರ್ಬನ್ ಇಟ್ಟು ಬರೆದ ಹಾಗೇ, ಒಂದು ಪ್ರತಿ ಅದಕ್ಕೆ ಹೋಯಿತು, ಒಂದು ಇದರ ಹತ್ತಿರವೇ ಉಳಿಯಿತು. ಕೊಟ್ಟದ್ದು ಏನನ್ನೂ ಕಳೆದುಕೊಳ್ಳುವುದಿಲ್ಲ. ಪಡೆದದ್ದು ಇಪ್ಪತ್ತು ನಿಮಿಷಕ್ಕೆ ಎರಡಾಗಿ, ನಾಳೆ ಇನ್ನೊಂದಕ್ಕೆ ಕೊಡುತ್ತದೆ.

ಹನ್ನೊಂದು ವರ್ಷ ನೀವು ಡ್ರಮ್ಮಿಗೆ ಔಷಧಿ ಹಾಕಿದಿರಿ. ಬಳೆ ಇಲ್ಲದವು ಸತ್ತವು, ಇದ್ದವು ಉಳಿದವು. ಉಳಿದವನ್ನೇ ತಳದಲ್ಲಿಟ್ಟು ಹೆಪ್ಪು ಮಾಡಿದಿರಿ. ಅವಕ್ಕೆ ತಿನ್ನಲು ಬೆಲ್ಲ, ಹಿಟ್ಟು ಕೊಟ್ಟಿರಿ. ಹೊಸ ಮಾತ್ರೆ ಹಾಕಿದಾಗಲೆಲ್ಲ ಅವು ಹೊಸ ಪಾಠ ಕಲಿತವು.

ಕಾಲಿನ ಕ್ಲೆಬ್ಸಿಯೆಲ್ಲಾಗೆ ಡ್ರಮ್ಮಿನದೇ ಬಳೆ ಬಂತು ಅಂತ ಪ್ರಮಾಣ ಮಾಡಿ ಹೇಳಲಾರೆ. ಎರಡರ ಬಳೆಯೂ ಒಂದೇ ಅಳತೆಯದು, ಓದಿ ನೋಡಿದಷ್ಟು ಜಾಗದಲ್ಲಿ ಬರಹವೂ ಒಂದೇ. ನನಗೆ ಗೊತ್ತಿರುವುದು ಇಷ್ಟು.

ಡ್ರಮ್ಮಿಗೆ ಸುಣ್ಣ ಹಾಕಿ, ಬಿಳಿ ಗಂಜಿಯಾಗುವಷ್ಟು. ಒಂದು ವಾರ ಮುಚ್ಚಿಡಿ. ಹಳ್ಳಕ್ಕೆ ಬಿಡಬೇಡಿ. ಆಮೇಲೆ ನಿಮ್ಮ ಪುಸ್ತಕದ ನಲವತ್ತಮೂರು ಮನೆಗೂ ಹೇಳಬೇಕು. ಆದರೆ ಮೊದಲು ಅತ್ತೆ.

ಧನುಶ್ರೀ


ಹಾಸನ, ಆಸ್ಪತ್ರೆಯ ಜಗಲಿ
22 ಆಗಸ್ಟ್ 2024

ಧನು,

ನೀನು ಮೇಲಿನ ಮಹಡಿಯಲ್ಲೇ ಇದ್ದೀಯ. ಮೆಟ್ಟಿಲು ಹತ್ತಿ ಬಂದು ಹೇಳುವಷ್ಟು ಮುಖ ನನಗಿಲ್ಲ, ಅದಕ್ಕೇ ಬರೆದು ವಾರ್ಡಿನ ಆಯಾ ಕೈಯಲ್ಲಿ ಕಳಿಸುತ್ತಿದ್ದೇನೆ.

ಹಚ್ಚಿದ್ದು ನಾನೇ. ಬೇರೆ ಯಾರೂ ಅಲ್ಲ.

ಡಾಕ್ಟರದು ಮೋಸ ಇರಬಹುದು ಅಂದುಕೊಂಡೆ, ಮಾತ್ರೆ ಕಳಪೆ ಇರಬಹುದು ಅಂದುಕೊಂಡೆ, ನಿನ್ನನ್ನು, ನಿಮ್ಮಮ್ಮನನ್ನು, ಆಲೂರಿನ ಆ ಅಂಗಡಿಯವನನ್ನು, ಎಲ್ಲರನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಆ ಹತ್ತಿಯನ್ನು ಮಾತ್ರ ನೋಡಲಿಲ್ಲ.

ಅರ್ಧ ಪಾದ ತೆಗೆದರು. ಹಿಮ್ಮಡಿ ಉಳಿಸಿದ್ದಾರೆ. ಉಳಿದದ್ದಕ್ಕೆ ಅದೇ ಇಂಜೆಕ್ಷನ್ ಮತ್ತೆ ಶುರು ಮಾಡಿದ್ದಾರೆ, ಅದು ಈಗಲೂ ನಾಟುತ್ತದೆ ಅಂತ ನೀನೇ ಬರೆದು ಕೊಟ್ಟೆಯಂತೆ. ಈ ಸಲ ಇನ್ನೊಂದು ಲ್ಯಾಬಿಗೆ ಹೋಗಲಿಲ್ಲ.

ಅಕ್ಕ ಬಂದು ನಾಗರತ್ನನ ತಲೆದೆಸೆಯಲ್ಲಿ ಕೂತಿದ್ದಾಳೆ. ನನ್ನ ಜೊತೆ ಆಡಿದ್ದು ಒಂದೇ ಮಾತು, 'ಊಟ ಮಾಡ್ದೇನೋ' ಅಂತ. ಇಲ್ಲ ಅಂದೆ. ಡಬ್ಬಿ ಮುಂದಿಟ್ಟಳು.

ನಂಜುಂಡ ಮಾವ


ಕೆ. ಹೊಸಕೋಟೆ
17 ನವೆಂಬರ್ 2024

ಧನು,

ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಡ್ರಮ್ಮು ಆಗಸ್ಟಿನಲ್ಲೇ ಸುಣ್ಣವಾಯಿತು. ನಿಮ್ಮತ್ತೆಯ ಗಾಯ ಮುಚ್ಚಿಕೊಂಡಿದೆ. ಕಾಲಿಗೆ ಹೊಂದುವ ಬೂಟು ಹಾಕಿಕೊಂಡು ಅಡುಗೆಮನೆಯಿಂದ ಅಂಗಳದ ತನಕ ಓಡಾಡುತ್ತಾಳೆ. ಬೀಳುತ್ತೇನೆ ಅನ್ನಿಸಿದರೆ ನನ್ನ ಭುಜ ಹಿಡಿಯುತ್ತಾಳೆ, ಆಮೇಲೆ ಬಯ್ಯುತ್ತಾಳೆ. ಸರಿಯಾಗಿದೆ.

ನಲವತ್ತಮೂರು ಮನೆಯದ್ದೇ ಕಷ್ಟ. ಸೆಪ್ಟೆಂಬರಿನಲ್ಲಿ ಒಬ್ಬನೇ ಹೊರಟೆ. ಮೊದಲನೇ ಮನೆಯಲ್ಲೇ, 'ಏನ್ ನಂಜುಂಡಣ್ಣ, ಹೊಸ ಔಷಧಿ ಏಜೆನ್ಸಿ ಸಿಕ್ತೇನೋ? ಹಳೇದು ಚೆಲ್ಲಿಸಿ ಹೊಸದು ಮಾರಾಕೆ ಬಂದಿದೀಯಾ?' ಅಂದರು. ಹೆತ್ತೂರಿನಲ್ಲಿ ಒಬ್ಬ, 'ಕಂಪನಿಯೋರು ಎಷ್ಟು ಕೊಟ್ರು ಮಾರಾಯ, ನಮ್ಗೂ ಹೇಳು' ಅಂದ. ಇನ್ನೊಂದು ಕಡೆ, ನನ್ನ ಶುಂಠಿ ಮಾತ್ರ ಚೆನ್ನಾಗಿ ಬರಲಿ ಅಂತ ಊರವರದನ್ನೆಲ್ಲ ಹಾಳು ಮಾಡಿಸುತ್ತಿದ್ದೇನೆ ಅಂದರು. ನೀನು ಹೇಳಿಕೊಟ್ಟ ಹಾಗೆ ಬಳೆ, ಕೊಳವೆ, ಪ್ರತಿ ಅಂತೆಲ್ಲ ವಿವರಿಸಿದೆ. ಒಬ್ಬ ಮುದುಕ ಪೂರ್ತಿ ಕೇಳಿ, 'ಕಣ್ಣಿಗೆ ಕಾಣ್ದೇ ಇರೋದ್ನ ನಿಂಗೆ ಯಾರಪ್ಪ ತೋರ್ಸಿದ್ರು?' ಅಂದ. ನಾನು ನಿನ್ನನ್ನು ಕೇಳಿದ ಪ್ರಶ್ನೆಗಳೇ, ಒಂದೂ ಬಿಡದೆ ಕೇಳಿದರು. ನಿನ್ನಷ್ಟು ತಾಳ್ಮೆ ನನಗಿಲ್ಲ, ಇಬ್ಬರ ಜೊತೆ ಜಗಳ ಆಡಿ ಬಂದೆ. ಹದಿನೆಂಟು ಮನೆ ತಿರುಗಿದ್ದಕ್ಕೆ ಸುಣ್ಣ ಹಾಕಿದವರು ನಾಲ್ಕು.

ನಿಮ್ಮತ್ತೆ ಎಲ್ಲ ಕೇಳಿಸಿಕೊಂಡು, 'ನಿಮ್ಮ ಬಾಯಿ ಯಾರ್ ನಂಬ್ತಾರೆ, ಮೂವತ್ತು ವರ್ಷ ಮಾರಿರೋ ಬಾಯಿ ಅದು. ನಾನೂ ಬತ್ತೀನಿ, ಜೀಪಿಗೆ ಹೇಳಿ' ಅಂದಳು. ಬೇಡ ಅಂದೆ. 'ಗಸಿ ಹಚ್ಚೋವಾಗ ನಾನು ಬ್ಯಾಡ ಅಂದೆ, ಕೇಳಿದ್ರಾ?' ಅಂದಳು. ಜೀಪಿಗೆ ಹೇಳಿದೆ.

ಮೊನ್ನೆ ಹೊಂಗಡಹಳ್ಳಕ್ಕೆ ಹೋದೆವು. ಹದಿನಾರು ಎಕರೆ ಶುಂಠಿ ಹಾಕಿರುವ ಮನೆ. ಗಂಡಸರು ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ನಗುನಗುತ್ತಲೇ ಆಗಲ್ಲ ಅಂದರು. ನಾಗರತ್ನ ಒಳಗೆ ಹೆಂಗಸರ ಹತ್ತಿರ ಹೋದಳು. ಸ್ವಲ್ಪ ಹೊತ್ತಿಗೆ ಆ ಮನೆಯ ಸೊಸೆ ಕೃತಿಕಾ ಅನ್ನುವವಳು ಹೊರಗೆ ಬಂದು, ಗಂಡಸರ ಕಡೆ ತಿರುಗಿಯೂ ನೋಡದೆ ಕೊಟ್ಟಿಗೆಗೆ ಹೋಗಿ ಸುಣ್ಣದ ಚೀಲ ಎಳೆದು ತಂದಳು. 'ಯಾರನ್ನ ಕೇಳ್ದೆ?' ಅಂತ ಅವಳ ಮಾವ ಕೂಗಿದರು. 'ಒಳಗ್ ಹೋಗಿ ಆ ಅಕ್ಕನ ಕಾಲು ನೋಡಿ, ಆಮೇಲೆ ಕೂಗಿ' ಅಂದಳು. ಒಳಗೆ ನಿಮ್ಮತ್ತೆ ಏನೂ ವಿವರಿಸಿರಲಿಲ್ಲವಂತೆ. ಬೂಟು ಬಿಚ್ಚಿ, ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳಂತೆ, ಅಷ್ಟೇ.

ಡ್ರಮ್ಮು ಬೆಳ್ಳಗಾಗುವ ತನಕ ಆ ಹುಡುಗಿ ತಿರುವಿದಳು. ನಾನು ಪುಸ್ತಕ ತೆಗೆದು ಆ ಮನೆಯ ಹೆಸರಿನ ಮುಂದೆ ಗುರುತು ಹಾಕಿ, ನಿಮ್ಮತ್ತೆಯನ್ನು ಜೀಪಿನಲ್ಲಿ ಕೂರಿಸಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬಂದಳು. ಮಾವ ಕೇಳಿಸಿಕೊಳ್ಳದ ಹಾಗೆ ನಾಗರತ್ನನ ಕಿವಿಯ ಹತ್ತಿರ ಬಗ್ಗಿ, 'ಅಕ್ಕ, ಹೋದ ವರ್ಷ ನಮ್ಮ ತವರಿಗೆ ನಾನೇ ಒಂದು ಕ್ಯಾನು ಕೊಟ್ಟು ಕಳ್ಸಿದ್ದೆ. ಅವ್ರು ಆಗ್ಲೇ ಎಷ್ಟು ಜನಕ್ಕೆ ಕೊಟ್ಟವ್ರೋ ಏನೋ' ಅಂದಳು.

ನಾನು ಪುಸ್ತಕ ಮುಚ್ಚಿದೆ. ಅದರಲ್ಲಿ ಇದ್ಯಾವುದೂ ಇಲ್ಲ ಧನು.

ನಿಮ್ಮತ್ತೆ ಜೀಪಿನ ಒಳಗೆ ಜರುಗಿ, ಪಕ್ಕದಲ್ಲಿ ಜಾಗ ಮಾಡಿದಳು. 'ಹತ್ತು' ಅಂದಳು ಆ ಹುಡುಗಿಗೆ. 'ದಾರಿ ತೋರ್ಸು.'

ನಂಜುಂಡ ಮಾವ